ಬಾಣಸವಾಡಿಯಿಂದ ಅಮೆರಿಕವನ್ನು ಓದುವುದು



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಮೇಷ್ಟ್ರು ದತ್ತಿಪತ್ರದಲ್ಲಿ ಹಾಕಿರುವ ಷರತ್ತು ಒಂದೇ. ವಿಷಯ ಯಾವುದಾದರೂ ಇರಲಿ, ಉಪನ್ಯಾಸ ಕನ್ನಡದಲ್ಲಿರಬೇಕು. ಅದನ್ನು ಓದಿದ ಮೇಲೇ ನನಗೆ ಈ ವಿಷಯ ಎತ್ತಿಕೊಳ್ಳುವ ಧೈರ್ಯ ಬಂದದ್ದು. ಅಮೆರಿಕದ ಚರಿತ್ರೆ, ಸಾಹಿತ್ಯ, ಕಾನೂನು, ಜನಜೀವನ ಇವನ್ನು ಒಟ್ಟಿಗೆ ಇಟ್ಟುಕೊಂಡು ಓದುವ ಒಂದು ಪದವಿ ವಿಷಯ ನಮ್ಮ ಕಾಲೇಜುಗಳಲ್ಲಿ ಬೇಕು ಎಂದು ನಾನು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದೇನೆ. ಇಂಗ್ಲಿಷಿನಲ್ಲಿ ಬರೆದುಕೊಟ್ಟಾಗ ಅದು ಕಡತಕ್ಕೆ ಸೇರಿತು. ಕನ್ನಡದಲ್ಲಿ ನಿಮ್ಮೆದುರು ಹೇಳುವಾಗ ಮೊದಲ ಮಾತಿಗೇ ‘ನಮಗ್ಯಾಕಪ್ಪ ಅದು’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಅದು ನ್ಯಾಯವಾದ ಪ್ರಶ್ನೆ.

ಬಾಣಸವಾಡಿಯ ಈ ಸಭಾಂಗಣದಿಂದ ಯಾವ ಕಡೆ ನಡೆದರೂ ಸರಿ, ಎಚ್‌ಆರ್‌ಬಿಆರ್ ಬಡಾವಣೆ, ಒಎಂಬಿಆರ್ ಬಡಾವಣೆ, ಕಮ್ಮನಹಳ್ಳಿ, ಸುಬ್ಬಯ್ಯನಪಾಳ್ಯ, ಬೀದಿಗೆ ನಾಲ್ಕಾರು ಮನೆಗಳಲ್ಲಿ ಅಮೆರಿಕದ ಮಾತು ನಡೆದಿರುತ್ತದೆ. ವೀಸಾ ಸಂದರ್ಶನದ ತಾರೀಖು, ಗ್ರೀನ್ ಕಾರ್ಡಿನ ಸರತಿ, ಅಲ್ಲಿ ಈಗ ಎಷ್ಟು ಗಂಟೆ ಎಂಬ ಲೆಕ್ಕ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೋಗಿ ಬಂದ ತಾಯಂದಿರಿಗೆ ಅಲ್ಲಿನ ವಿಮೆಯ ತೊಡಕು, ಶಾಲೆಯ ಹಳದಿ ಬಸ್ಸು, ಹಿಮ ಎತ್ತುವ ಸಲಿಕೆ ಎಲ್ಲ ಗೊತ್ತು. ಇಷ್ಟು ಬಳಕೆಯ ಆ ದೇಶ ಹೇಗೆ ಆಯಿತು, ಯಾರ ದುಡಿಮೆಯಿಂದ ಆಯಿತು, ಅದು ತನ್ನೊಳಗೇ ಯಾವುದಕ್ಕಾಗಿ ಕಾದಾಡಿಕೊಂಡು ಬಂದಿದೆ ಎಂದು ಕೇಳಿದರೆ ಬಿ.ಎ. ಮುಗಿಸಿದವರೂ ಸುಮ್ಮನಾಗುತ್ತಾರೆ. ಅಲ್ಲಿಗೆ ಹೋಗುವುದು ಹೇಗೆಂದು ಕಲಿಸುವ ಕೋಚಿಂಗ್ ಕೇಂದ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದನ್ನು ಅರಿಯುವುದು ಹೇಗೆಂದು ಕಲಿಸುವ ಒಂದು ತರಗತಿ ಇಲ್ಲ.

ಇಲ್ಲ ಎಂದರೆ ಪೂರ್ತಿ ಸರಿಯಲ್ಲ. ಚೂರುಚೂರಾಗಿ ಇದೆ. ನಮ್ಮ ಕಾಲೇಜುಗಳ ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ ಕಾಂಬಿನೇಷನ್ನುಗಳು ನಿಮಗೆ ಗೊತ್ತಿವೆ. ಎಚ್‌ಇಪಿ ಓದುವ ಹುಡುಗಿ ಚರಿತ್ರೆಯ ಪಿರಿಯಡ್ಡಿನಲ್ಲಿ 1776ರ ಸ್ವಾತಂತ್ರ್ಯ ಘೋಷಣೆ ಓದುತ್ತಾಳೆ. ಅರ್ಥಶಾಸ್ತ್ರದಲ್ಲಿ ಕೇನ್ಸ್ ಬರುವ ಹೊತ್ತಿಗೆ 1929ರ ಮಹಾಕುಸಿತ ಬರುತ್ತದೆ. ರಾಜ್ಯಶಾಸ್ತ್ರದಲ್ಲಿ ಅಧ್ಯಕ್ಷರ ಅಧಿಕಾರ, ಸೆನೆಟ್, ಸುಪ್ರೀಂ ಕೋರ್ಟು. ಇಂಗ್ಲಿಷ್ ಪಠ್ಯದಲ್ಲಿ ರಾಬರ್ಟ್ ಫ್ರಾಸ್ಟ್ ಅಥವಾ ಎಮಿಲಿ ಡಿಕಿನ್‌ಸನ್. ನಾಲ್ಕು ಪಿರಿಯಡ್ಡುಗಳಲ್ಲಿ ನಾಲ್ಕು ಅಮೆರಿಕ. ನಾಲ್ವರು ಮೇಷ್ಟ್ರು ಒಂದೇ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿದರೂ ಪ್ರಶ್ನೆಪತ್ರಿಕೆಯಲ್ಲಿ ಅವರು ಭೇಟಿಯಾಗುವುದಿಲ್ಲ. ಮೂರು ವಿಷಯಗಳನ್ನು ಮೂರು ವರ್ಷ ಸಮಸಮವಾಗಿ ಓದಿಸುವ ಈ ಪದ್ಧತಿಯನ್ನು ನಾನು ಹಳಿಯುತ್ತಿಲ್ಲ. ಹಲವು ಶಾಸ್ತ್ರಗಳನ್ನು ಕೂಡಿಸಿ ಓದಲು ಇದಕ್ಕಿಂತ ಹದವಾದ ನೆಲ ಸಿಗಲಾರದು, ಬಿತ್ತನೆ ಮಾತ್ರ ಆಗಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಮುಕ್ತ ಆಯ್ಕೆಯ ವಿಷಯಗಳ ಬಾಗಿಲು ಸ್ವಲ್ಪ ತೆರೆಯಿತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಹಗ್ಗಜಗ್ಗಾಟದಲ್ಲಿ ನಾನು ಹೇಳುವ ವಿಷಯಕ್ಕೆ ಹೊತ್ತು ಸಿಗಲಿಲ್ಲ. ಎರಡು ಚೌಕಟ್ಟಿನಲ್ಲೂ ಅದಕ್ಕೆ ಜಾಗ ಮಾಡಿಕೊಡಬಹುದಿತ್ತು.

ಅಮೆರಿಕದಲ್ಲೇ ಈ ಓದು ತೀರ ಹಳೆಯದೇನಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳು ಬಹುಕಾಲ ತಮ್ಮ ಸಾಹಿತ್ಯವನ್ನು ಇಂಗ್ಲೆಂಡಿನ ಸಾಹಿತ್ಯದ ಬಾಲದಂತೆ ಕಂಡವು. 1937ರಲ್ಲಿ ಹಾರ್ವರ್ಡ್‌ನಲ್ಲಿ ಅಮೆರಿಕನ್ ನಾಗರಿಕತೆಯ ಚರಿತ್ರೆ ಎಂಬ ಹೆಸರಿನ ಸಂಶೋಧನಾ ವಿಭಾಗ ಶುರುವಾಯಿತು. ಅಲ್ಲಿ ಮೊದಲು ಡಾಕ್ಟರೇಟ್ ಪಡೆದ ಹೆನ್ರಿ ನ್ಯಾಶ್ ಸ್ಮಿತ್ 1950ರಲ್ಲಿ ‘ವರ್ಜಿನ್ ಲ್ಯಾಂಡ್’ ಎಂಬ ಪುಸ್ತಕ ಬರೆದರು. ಪಶ್ಚಿಮದ ಬಯಲು ನೆಲ ಅಮೆರಿಕನ್ನರ ಮನಸ್ಸಿನಲ್ಲಿ ಯಾವ ಕನಸಾಗಿತ್ತು ಎಂಬುದನ್ನು ಅವರು ಹುಡುಕಿದ್ದು ಭೂಕಾಯ್ದೆಗಳಲ್ಲಿ, ಸಂಸತ್ತಿನ ಭಾಷಣಗಳಲ್ಲಿ, ಜೊತೆಗೆ ಅಗ್ಗದ ಸಾಹಸ ಕಾದಂಬರಿಗಳಲ್ಲಿ. ಕಾನೂನನ್ನೂ ಕಾದಂಬರಿಯನ್ನೂ ಒಂದೇ ಮೇಜಿನ ಮೇಲೆ ಹರಡಿದ್ದೇ ಹೊಸತು. ಆಮೇಲೆ ಅದಕ್ಕೆ ತಕರಾರು ಬಂತು. ಆ ನೆಲ ಖಾಲಿ ಇರಲಿಲ್ಲ, ಅಲ್ಲಿ ಜನ ಇದ್ದರು. ‘ಅಮೆರಿಕದ ಮನಸ್ಸು’ ಎಂಬ ಒಂದೇ ಮನಸ್ಸು ಎಂದೂ ಇರಲಿಲ್ಲ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿ, ಕರಿಯರ ಮತ್ತು ಇತರ ಜನಾಂಗಗಳ ಅಧ್ಯಯನಕ್ಕೆ ವಿಭಾಗ ಬೇಕೆಂದು ತಿಂಗಳುಗಟ್ಟಲೆ ಹಟ ಹಿಡಿದು ಪಡೆದರು. ತನ್ನ ದೇಶವನ್ನು ಹೊಗಳಲು ಹುಟ್ಟಿದ್ದೆಂದು ಕೆಲವರು ಶಂಕಿಸಿದ ಓದು ತನ್ನ ದೇಶವನ್ನೇ ಗಟ್ಟಿಯಾಗಿ ಪ್ರಶ್ನಿಸುವ ಓದಾಯಿತು. ಈ ತಿರುವಿನಿಂದಲೇ ಅದರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು.

ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್. ಆರ್. ಲೀವಿಸ್ ಅವರಲ್ಲಿ ಓದಿ, ಪ್ರಿನ್ಸ್‌ಟನ್ನಿಗೂ ಹೋಗಿಬಂದ ಸಿ. ಡಿ. ನರಸಿಂಹಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಮೆರಿಕನ್ ಸಾಹಿತ್ಯಕ್ಕೆ ಮಾನ ತಂದುಕೊಟ್ಟರು. ಆ ಸಾಹಿತ್ಯಕ್ಕೆ ಏಷ್ಯಾದವರು ಕೊಟ್ಟ ಪ್ರತಿಸ್ಪಂದನೆಯನ್ನೇ ವಿಷಯವಾಗಿಟ್ಟುಕೊಂಡ ಲೇಖನಗಳ ಸಂಪುಟವೊಂದನ್ನು 1972ರಲ್ಲಿ ಸಂಪಾದಿಸಿದರು. ಥೋರೋನನ್ನೂ ವಿಟ್ಮನ್ನನನ್ನೂ ನಮ್ಮ ಕಣ್ಣಿನಿಂದ ಓದಬೇಕು ಎಂಬುದು ಅವರ ಪಟ್ಟು. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ಆವರಣದಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರ ತೆರೆದ ಮೇಲೆ ದೇಶದ ನಾನಾ ಕಡೆಯ ಅಧ್ಯಾಪಕರು ರೈಲು ಹತ್ತಿ ಅಲ್ಲಿಗೆ ಹೋಗಿ ಓದಿ ಬರುತ್ತಿದ್ದರು. ಶೀತಲ ಸಮರದ ಕಾಲದಲ್ಲಿ ಅಮೆರಿಕ ತನ್ನ ಪ್ರಭಾವಕ್ಕಾಗಿ ಬೆಳೆಸಿದ ಸಂಸ್ಥೆ ಅದು ಎಂಬುದನ್ನು ಮುಚ್ಚಿಡಬೇಕಿಲ್ಲ. ಸಮರ ಮುಗಿದ ಮೇಲೆ ಆ ಉತ್ಸಾಹವೂ ಇಳಿಯಿತು. ಬೇರೆಯವರ ಆಸಕ್ತಿಯಿಂದ ನಡೆದ ಓದು ಅವರ ಆಸಕ್ತಿ ಮುಗಿದಾಗ ಸೊರಗಿತು. ಈಗ ನಮ್ಮ ಆಸಕ್ತಿಯಿಂದಲೇ ಅದನ್ನು ಹೂಡಬೇಕು, ನಮ್ಮ ತುದಿಯಿಂದಲೇ ಎಳೆ ಹಿಡಿಯಬೇಕು.

ನಮ್ಮ ತುದಿ ಎಂದರೇನು? ಧಾರವಾಡದ ಹತ್ತಿಯನ್ನು ನೋಡಿ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತಿ ಬೆಳೆಗಾರರನ್ನು ಸಂಬಳಕ್ಕೆ ಕರೆತಂದಿತು. ಬೇರೆ ಪ್ರಾಂತಗಳಲ್ಲಿ ಅವರ ಪ್ರಯೋಗ ಬಹುಮಟ್ಟಿಗೆ ನೆಲಕಚ್ಚಿತು. ಧಾರವಾಡ ಜಿಲ್ಲೆಯಲ್ಲಿ ಹಿಡಿಯಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಯಿತು. ನ್ಯೂ ಆರ್ಲಿಯನ್ಸಿನ ಬೀಜ ಗದಗ, ಹುಬ್ಬಳ್ಳಿಯ ಎರೆನೆಲಕ್ಕೆ ಒಗ್ಗಿತು. ಆ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಜವಾರಿ ಹತ್ತಿ ಬಿಡಿಸುವ ಕೈಸಾಧನಗಳು ಸಾಲಲಿಲ್ಲ. ಗರಗಸದ ಹಲ್ಲಿನ ಜಿನ್ ಬೇಕಾಯಿತು, ಅದನ್ನು ರಿಪೇರಿ ಮಾಡಲು ಧಾರವಾಡದಲ್ಲಿ ಸರಕಾರಿ ಕಾರ್ಖಾನೆ ಬಂತು. ಜಿನ್ ಎಂಬ ಶಬ್ದ ಇವತ್ತಿಗೂ ಗದಗಿನ ಮಾತಿನಲ್ಲಿದೆ. ಲಿವರ್‌ಪೂಲಿನ ಪೇಟೆಯಲ್ಲಿ ನಮ್ಮ ಕಡೆಯ ಹತ್ತಿಗೆ ಎರಡು ಹೆಸರು ಓಡಾಡುತ್ತಿದ್ದವು. ಒಂದು ‘ಕುಂಪ್ಟಾ’, ಅಂದರೆ ಕುಮಟಾ ಬಂದರಿನಿಂದ ಹಡಗು ಹತ್ತಿದ ನಮ್ಮ ಜವಾರಿ. ಇನ್ನೊಂದು ‘ಧಾರವಾರ್ ಅಮೆರಿಕನ್’.

ಈಗ ಆ ಜಿನ್ನಿನ ಮೂಲಕ್ಕೆ ಹೋಗಿ. ಎಲಿ ವಿಟ್ನಿ ಅದಕ್ಕೆ ಪೇಟೆಂಟ್ ಪಡೆದದ್ದು 1794ರಲ್ಲಿ. ಬೀಜ ಬಿಡಿಸುವ ಕೆಲಸ ಹಗುರಾದರೆ ಗುಲಾಮರ ಹೊರೆ ಇಳಿಯಬೇಕಿತ್ತು. ಆದದ್ದು ತಿರುಗುಮುರುಗು. ಎಷ್ಟು ಬೆಳೆದರೂ ಬಿಡಿಸಬಹುದು ಎಂದಾದಾಗ ಹತ್ತಿಯ ಹೊಲ ಜಾರ್ಜಿಯಾದಿಂದ ಮಿಸಿಸಿಪಿಯ ದಡಕ್ಕೂ ಅದರಾಚೆಗೂ ಹಬ್ಬಿತು, ಆ ಹೊಲಕ್ಕೆ ಇನ್ನಷ್ಟು ಮನುಷ್ಯರನ್ನು ಮಾರಿದರು. 1860ರ ಜನಗಣತಿಯ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಮಂದಿ ಗುಲಾಮರಿದ್ದರು. 1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರುವಾಯಿತು, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿತು. ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುತ್ತಿದ್ದುದು ಅಲ್ಲಿಂದ. ಲ್ಯಾಂಕಶೈರಿನಲ್ಲಿ ಮಗ್ಗ ನಿಂತವು, ಹುಬ್ಬಳ್ಳಿಯಲ್ಲಿ ಹತ್ತಿಯ ದರ ಏರಿತು. ಘಟ್ಟ ಇಳಿಸಿ ಕಾರವಾರಕ್ಕೆ ಹತ್ತಿ ಸಾಗಿಸುವ ರಸ್ತೆಯ ಮಾತು ಜೋರಾಯಿತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದದ್ದೇ ಮುಂಬಯಿಯ ಸಟ್ಟಾ ಪೇಟೆ ಕುಸಿಯಿತು, ದರವೂ ಕುಸಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು.

ನಲವತ್ತು ಲಕ್ಷ ಜನರ ಬಿಡುಗಡೆಯೂ ದರ ಕುಸಿದು ಧಾರವಾಡ ಸೀಮೆಯ ರೈತನ ಮೇಲೆ ಬಿದ್ದ ಸಾಲವೂ ಒಂದೇ ವರ್ಷದ ಲೆಕ್ಕದಲ್ಲಿವೆ. ಇದನ್ನು ಓದಲು ಯಾವ ವಿಭಾಗಕ್ಕೆ ಹೋಗಬೇಕು? ಕೃಷಿ ವಿಜ್ಞಾನ ಬೇಡವೆ, ಅರ್ಥಶಾಸ್ತ್ರ ಬೇಡವೆ, ಗುಲಾಮರು ತಾವೇ ಬರೆದ ಆತ್ಮಕಥೆಗಳು ಬೇಡವೆ? ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ತನ್ನ ಕಥೆಯನ್ನು ಇಂಗ್ಲಿಷ್ ವಿಭಾಗದಲ್ಲಿ ‘ಗದ್ಯ’ ಎಂದು ಓದಿಸಿ ಮುಗಿಸಿದರೆ ಅದು ಗದಗಿನ ಎರೆಹೊಲವನ್ನು ಮುಟ್ಟುವುದೇ ಇಲ್ಲ. ಮುಟ್ಟಬೇಕು ಎಂಬುದು ನನ್ನ ಆಸೆ.

ಇನ್ನೊಂದು ಎಳೆ ಮಂಗಳೂರಿನಿಂದ ಹೊರಡುತ್ತದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು ಅಲ್ಲಿನವರು. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರಾಸೆಸ್’, ಅಂದರೆ ನ್ಯಾಯವಾದ ಕಾರ್ಯವಿಧಾನ, ಎಂಬ ಮಾತನ್ನು ನೀವು ಇಟ್ಟುಕೊಂಡರೆ, ಜನ ಆರಿಸಿದ ಶಾಸನಸಭೆಯ ಕಾಯ್ದೆಗಳನ್ನು ಹೊಡೆದುಹಾಕುವ ಅಧಿಕಾರ ಬೆರಳೆಣಿಕೆಯ ನ್ಯಾಯಾಧೀಶರ ಕೈಗೆ ಹೋಗುತ್ತದೆ ಎಂಬುದು ಫ್ರಾಂಕ್‌ಫರ್ಟರರ ಅಭಿಪ್ರಾಯವಾಗಿತ್ತು. ನಮ್ಮ ಕರಡಿನಿಂದ ಆ ಮಾತು ಹೋಯಿತು. ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯ 21ನೆಯ ವಿಧಿಯಲ್ಲಿ ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ ಎಂಬುದು ಬಂತು.

ಫ್ರಾಂಕ್‌ಫರ್ಟರರಿಗೆ ಆ ಮಾತಿನ ಮೇಲೆ ಯಾಕೆ ಅಷ್ಟು ಸಿಟ್ಟು? 1905ರಲ್ಲಿ ನ್ಯೂಯಾರ್ಕಿನ ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟು ಅದೇ ಮಾತಿನ ಆಧಾರದಲ್ಲಿ ರದ್ದು ಮಾಡಿತ್ತು. ಒಪ್ಪಂದದ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಕಾರಣ. ಮಹಾಕುಸಿತದ ದಿನಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತಂದ ಕಾಯ್ದೆಗಳೂ ಕೆಲವು ಆ ಕೋರ್ಟಿನಲ್ಲಿ ಬಿದ್ದವು. ಗೇಣಿ, ಬಾಡಿಗೆ, ದರ ನಿಯಂತ್ರಣದ ಕಾಯ್ದೆಗಳು ನಮ್ಮಲ್ಲೂ ಹಾಗೆ ಬೀಳಬಾರದು ಎಂಬುದು ರಾಯರ ಕಾಳಜಿಯಾಗಿತ್ತು. ಒಳ್ಳೆಯ ಕಾಳಜಿಯೇ. ಅದರ ಬೆಲೆಯನ್ನು ಮೊದಲು ತೆತ್ತವರಲ್ಲಿ ಒಬ್ಬರು ಎ. ಕೆ. ಗೋಪಾಲನ್, ಮುಂದೆ ನಮ್ಮ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಹೋದವರು. ವಿಚಾರಣೆಯಿಲ್ಲದೆ ಬಂಧಿಸಿಟ್ಟ ಅವರ ಅರ್ಜಿಯನ್ನು 1950ರಲ್ಲಿ ನಮ್ಮ ಸುಪ್ರೀಂ ಕೋರ್ಟು ನೋಡಿದಾಗ ಈ ಪದಬದಲಾವಣೆ ಅವರಿಗೆ ಎದುರಾಗಿ ನಿಂತಿತು. ಕಾರ್ಯವಿಧಾನ ನ್ಯಾಯವೂ ಆಗಿರಬೇಕು ಎಂಬ ತೀರ್ಪಿಗೆ 1978ರ ಮೇನಕಾ ಗಾಂಧಿ ಮೊಕದ್ದಮೆಯವರೆಗೆ ಕಾಯಬೇಕಾಯಿತು. ನ್ಯೂಯಾರ್ಕಿನ ರೊಟ್ಟಿ ಸುಡುವವನ ದುಡಿಮೆಯ ಗಂಟೆಗಳನ್ನು ಓದದೆ ನಮ್ಮ 21ನೆಯ ವಿಧಿಯನ್ನು ಪೂರ್ತಿ ಅರ್ಥಮಾಡಿಕೊಂಡೆ ಎನ್ನಲು ನನಗೆ ಆಗುವುದಿಲ್ಲ.

ಈ ಬಗೆಯ ಓದಿಗೆ ನಮ್ಮಲ್ಲಿ ದೊಡ್ಡ ಮಾದರಿ ಬಾಬಾಸಾಹೇಬ ಅಂಬೇಡ್ಕರರು. 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಅವರ ಮುಖ್ಯ ವಿಷಯ ಅರ್ಥಶಾಸ್ತ್ರ. ಆದರೆ ಚರಿತ್ರೆ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ ಎಲ್ಲ ತರಗತಿಗಳಲ್ಲೂ ಕೂತರು. ಭಾರತದ ಜಾತಿಗಳನ್ನು ಕುರಿತ ಅವರ ಪ್ರಸಿದ್ಧ ಪ್ರಬಂಧ 1916ರ ಮೇ ತಿಂಗಳಲ್ಲಿ ಓದಿದ್ದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಕೂಟದಲ್ಲಿ. ಮೂವತ್ತು ವರ್ಷದ ಮೇಲೆ, 1946ರಲ್ಲಿ, ಅವರೇ ಅಮೆರಿಕದ ಕರಿಯ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು ಕರಿಯರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. ಅಮೆರಿಕವನ್ನು ಓದಿದ್ದು ಅವರಿಗೆ ಇಲ್ಲಿಯ ಕೆಲಸಕ್ಕೆ ಬೇಕಿತ್ತು. ಕಮ್ಮನಹಳ್ಳಿಯಲ್ಲಿ ಆಫ್ರಿಕಾದಿಂದ ಓದಲು ಬಂದ ಹುಡುಗರು ಬಾಡಿಗೆಗೆ ಮನೆ ಕೇಳಿಕೊಂಡು ಬಂದಾಗ ನಾವು ಬಾಗಿಲಲ್ಲಿ ನಿಂತು ಆಡುವ ಮಾತುಗಳನ್ನು ನೆನೆದರೆ, ಆ ಓದು ನಮಗೂ ಇಲ್ಲಿಯ ಕೆಲಸಕ್ಕೇ ಬೇಕು.

ಅಮೆರಿಕನ್ನರು ನಮ್ಮನ್ನು ಓದಿದ್ದಾರೆ, ಅದೂ ಶ್ರದ್ಧೆಯಿಂದ. ಆಲನ್ ಬೀಲ್ಸ್ ಎಂಬ ಮಾನವಶಾಸ್ತ್ರಜ್ಞ 1950ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು, ಅದಕ್ಕೆ ನಮ್ಹಳ್ಳಿ ಎಂದು ಹೆಸರಿಟ್ಟು ಬರೆದರು. ವಿಲಿಯಂ ಬ್ರೈಟ್ 1958ರಲ್ಲಿ ನಮ್ಮ ಆಡುಗನ್ನಡಕ್ಕೆ ವ್ಯಾಕರಣ ಕಟ್ಟಿದರು. ಈ ಓದಿನ ಹಿಂದಿನ ಹಣದ ಕಥೆ ಹಿರಿಯರಿಗೆ ನಾಲಿಗೆಯ ಮೇಲೇ ಇದೆ. ಶಾಲೆಯಲ್ಲಿ ಕೊಡುತ್ತಿದ್ದ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ನೆನಪಿದೆಯಲ್ಲ? ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಸಹಿ ಹಾಕಿದ ಪಿಎಲ್ 480 ಕಾಯ್ದೆಯಡಿ ಆ ದೇಶದ ಹೆಚ್ಚುವರಿ ಧಾನ್ಯ ಇಲ್ಲಿಗೆ ಬರುತ್ತಿತ್ತು. ದಾನವಾಗಿ ಬಂದದ್ದು ಸ್ವಲ್ಪ, ಮಾರಾಟವಾಗಿ ಬಂದದ್ದು ಬಹಳ. ಮಾರಿದ ಗೋಧಿಗೆ ನಾವು ಕೊಟ್ಟ ರೂಪಾಯಿ ಭಾರತದಲ್ಲೇ ಅಮೆರಿಕದ ಲೆಕ್ಕದಲ್ಲಿ ಜಮೆಯಾಗುತ್ತಿತ್ತು. 1962ರಿಂದ ಅದೇ ರೂಪಾಯಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡ ಕಾದಂಬರಿಗಳು ಷಿಕಾಗೋ ಸೇರಿದ್ದು ಹಾಗೆ, ಎ. ಕೆ. ರಾಮಾನುಜನ್ ಅಲ್ಲಿ ಪಾಠ ಹೇಳುತ್ತಿದ್ದುದೂ ಅದೇ ಕಾಲದಲ್ಲಿ. ನಾವು ಗೋಧಿ ಉಂಡೆವು, ಅವರು ನಮ್ಮ ಪುಸ್ತಕ ಓದಿದರು. ನಮ್ಮ ಪಾಲಿನ ಓದು ಬಾಕಿ ಇದೆ.

ಪೂರ್ವ ಬೆಂಗಳೂರಿನವರಿಗಂತೂ ಸಾಮಗ್ರಿ ಕಾಲಬುಡದಲ್ಲಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಅಮೆರಿಕದ ವಿಲಿಯಂ ಪಾಲಿಯವರನ್ನು ಸೇರಿಸಿಕೊಂಡು, ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. 1943ರಿಂದ ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಅದು ಅಮೆರಿಕದ ವಾಯುಸೇನೆಯ ವಿಮಾನ ರಿಪೇರಿಯ ತಾಣವಾಗಿತ್ತು. ರಿಚ್ಮಂಡ್ ರಸ್ತೆಯ ಬಾಲ್ಡ್‌ವಿನ್ ಶಾಲೆಗಳ ಹೆಸರು ಒಹಾಯೋದ ಬೆರಿಯಾದಲ್ಲಿ ಸಾಣೆಕಲ್ಲಿನ ಗಣಿಯಿಂದ ಹಣ ಗಳಿಸಿದ ಜಾನ್ ಬಾಲ್ಡ್‌ವಿನ್ನನದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದದ್ದು ಮಿಲ್ಲರ್ಸ್ ರಸ್ತೆಗೆ. ಬ್ರಿಗೇಡ್ ರಸ್ತೆಯ ಕೆಎಫ್‌ಸಿ ಮೇಲೆ 1996ರಲ್ಲಿ ರೈತ ಸಂಘದವರು ಮಾಡಿದ ದಾಳಿಯೂ ಅಮೆರಿಕವನ್ನು ಕುರಿತ ನಮ್ಮ ಒಂದು ತಿಳಿವಳಿಕೆಯೇ. ಒಂದೊಂದೂ ಒಬ್ಬೊಬ್ಬ ವಿದ್ಯಾರ್ಥಿಯ ವರ್ಷದ ಕೆಲಸ.

‘ಕೆಲಸ ಸಿಗುತ್ತದೆಯೆ?’ ಎಂದು ಪೋಷಕರು ಕೇಳುತ್ತಾರೆ. ಎಚ್‌ಇಪಿ ಓದಿದವರಿಗೆ ಸಿಗುವ ಕೆಲಸಗಳೆಲ್ಲ ಇವರಿಗೂ ಸಿಗುತ್ತವೆ. ಕಡತವನ್ನೂ ಕಾದಂಬರಿಯನ್ನೂ ಕಾಯ್ದೆಯನ್ನೂ ಓದಬಲ್ಲವರು ಪತ್ರಿಕೆಗೆ, ವಕೀಲಿಕೆಗೆ, ಆಡಳಿತಕ್ಕೆ ಬೇಕು. ‘ಮೊದಲು ಕರ್ನಾಟಕ ಓದಲಿ’ ಎನ್ನುವವರಿಗೆ ಹತ್ತಿಯ ಕಥೆಯೇ ನನ್ನ ಉತ್ತರ.

ಕೊನೆಗೆ ಒಂದು ನೋಟ್‌ಬುಕ್ಕಿನ ವಿಷಯ. ಒಂದು ಬೇಸಿಗೆಯಲ್ಲಿ ನಾನು ವಿದ್ಯಾರ್ಥಿಗಳಿಗೆ, ಮನೆಯಲ್ಲಿ ಅಮೆರಿಕಕ್ಕೆ ಸಂಬಂಧಿಸಿದ್ದು ಏನಿದ್ದರೂ ತನ್ನಿ ಎಂದೆ. ಒಬ್ಬ ಹುಡುಗಿ ತನ್ನ ಅಜ್ಜಿಯ ನೋಟ್‌ಬುಕ್ಕು ತಂದಳು. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದಾಗ ಆಕೆ ದಿನವೂ ನಾಲ್ಕು ಸಾಲು ಬರೆದಿಟ್ಟಿದ್ದರು. ಸೊಪ್ಪಿನ ದರ, ಮಗುವಿನ ತೂಕ. ಒಂದು ಪುಟದಲ್ಲಿ, ‘ಇಲ್ಲಿ ಫುಟ್‌ಪಾತ್ ಯಾಕಿಲ್ಲ? ನಡೆದುಕೊಂಡು ಹೋಗಲು ಅಂಗಡಿ ಯಾಕಿಲ್ಲ?’

ಇದೇ ನಿನ್ನ ಪ್ರಬಂಧ ಎಂದೆ. ಹುಡುಗಿ ಹುಡುಕುತ್ತ ಹೋದಳು. 1934ರಲ್ಲಿ ಮನೆಸಾಲಕ್ಕೆ ಸರಕಾರದ ಖಾತರಿ ಬಂತು, ಕರಿಯರಿರುವ ಬಡಾವಣೆಗಳನ್ನು ಅಪಾಯದ ನೆಲವೆಂದು ನಕ್ಷೆಯಲ್ಲಿ ಕೆಂಪು ಬಳಿದರು. 1947ರಲ್ಲಿ ಲಾಂಗ್ ಐಲೆಂಡಿನಲ್ಲಿ ಲೆವಿಟ್ ಕಂಪನಿ ಒಂದೇ ಅಚ್ಚಿನ ಸಾವಿರಾರು ಮನೆ ಕಟ್ಟಿ ಬಿಳಿಯರಿಗೆ ಮಾತ್ರ ಮಾರಿತು. 1956ರ ಹೆದ್ದಾರಿ ಕಾಯ್ದೆ ಪಟ್ಟಣದಿಂದ ದೂರಕ್ಕೆ ದಾರಿ ಹಾಕಿಕೊಟ್ಟಿತು. ಅದೇ ಕಂಪನಿ ನ್ಯೂಜೆರ್ಸಿಯಲ್ಲೂ 1958ರಲ್ಲಿ ಊರು ಕಟ್ಟಿದಾಗ ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞ ಅಲ್ಲೇ ಮನೆ ಕೊಂಡು ಸಂಸಾರ ಹೂಡಿ ನೆರೆಹೊರೆಯ ಬಗ್ಗೆ ಪುಸ್ತಕ ಬರೆದರು. ಕಾರಿಲ್ಲದವರೂ ಕರಿಯರೂ ಆ ಊರುಗಳ ಲೆಕ್ಕದಲ್ಲೇ ಇರಲಿಲ್ಲ. ಚರಿತ್ರೆ, ಬ್ಯಾಂಕಿನ ಲೆಕ್ಕ, ಕೋರ್ಟಿನ ತೀರ್ಪು, ಮನೆಯ ನಕ್ಷೆ ಎಲ್ಲವೂ ಆ ಹುಡುಗಿಯ ಮೂವತ್ತು ಪುಟಗಳಲ್ಲಿ ಬಂದವು.

ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿ ಇಲ್ಲಿಯವರೇ. ಬಡಾವಣೆ ಬರುವ ಮುಂಚೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲ ಈಗ ಮೂರು ಅಡ್ಡರಸ್ತೆಗಳಾಗಿವೆ. ಎಲ್ಲ ಕೇಳಿಸಿಕೊಂಡು, ‘ಸರಿ ಮಗಾ, ಆ ಮನೆ ಕಟ್ಟೋಕೆ ಮುಂಚೆ ಆ ಜಮೀನು ಯಾರದಾಗಿತ್ತು?’ ಎಂದರಂತೆ. ಹುಡುಗಿ ಮರುದಿನ ನನ್ನ ಹತ್ತಿರ ಬಂದಳು. ಲೆನಾಪೆ ಜನರದು ಎಂದೆ. ಅವರನ್ನು ಕುರಿತು ಓದಲು ಏನಿದೆ ಸರ್ ಎಂದು ಕೇಳಿದಳು. ಇಬ್ಬರೂ ಗ್ರಂಥಾಲಯದ ಕಡೆ ನಡೆದೆವು.